ಪತ್ರಿಕೋದ್ಯಮ ಓದಬೇಕಾ? ಮೊದಲು ಒಂದು ಪುಟ ಲೆಕ್ಕ ಬರೆಯಿರಿ

ಅಂಕೋಲೆಯಲ್ಲಿ ಅಪ್ಪನದೊಂದು ಕಿರಾಣಿ ಅಂಗಡಿ ಇತ್ತು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೆಂಪು ರಟ್ಟಿನ ಉದ್ರಿ ಪುಸ್ತಕ. ಗಿರಾಕಿಗೊಂದು ಪುಟ. ಅಂಗಡಿ ಮುಚ್ಚಿದ ವರ್ಷ ಕಪಾಟು ಖಾಲಿ ಮಾಡುವಾಗ ಹಳೆಯ ಪುಸ್ತಕವೊಂದರಲ್ಲಿ ನನ್ನ ಹೆಸರಿನ ಪುಟ ಸಿಕ್ಕಿತು. ನನ್ನ ಓದಿಗೆ ಕೊಟ್ಟ ಪ್ರತಿ ರೂಪಾಯಿಯನ್ನೂ ಅಪ್ಪ ಬರೆದಿಟ್ಟಿದ್ದರು. ವಾಪಸ್ ಕೇಳಲು ಅಲ್ಲ. ದುಡ್ಡು ಕೈಬಿಟ್ಟರೆ ಬರೆದಿಡಬೇಕು, ಅದು ಅವರ ರೂಢಿ. ಮೊದಲ ಸಾಲು 2011ರ ಜುಲೈನದು: ‘ಕೊಣಾಜೆ ಫೀ’, ಅಂದರೆ ಮಂಗಳೂರು ವಿಶ್ವವಿದ್ಯಾಲಯದ ಫೀ. ಕೊನೆಯ ಸಾಲು 2014ರ ಅಕ್ಟೋಬರ್‌ನದು: ‘ಬೆಂಗಳೂರು, 2,000’. ಅದರ ಕೆಳಗೆ ಎರಡು ಗೆರೆ. ಗಿರಾಕಿಯ ಬಾಕಿ ಚುಕ್ತಾ ಆದಾಗ ಎಳೆಯುತ್ತಿದ್ದ ಅದೇ ಎರಡು ಗೆರೆ.

ಈಗ ಅಣ್ಣನ ಮಗಳು ಪಿಯುಸಿ ಮುಗಿಸಿದ್ದಾಳೆ. 2024ರ ಜುಲೈ 16ರಂದು ನಮ್ಮ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಆಗ ಅವಳು ಆಗಷ್ಟೇ ಪಿಯು ಸೇರಿದ್ದಳು. ಹೆದ್ದಾರಿ ಬಂದ್, ಗಂಗಾವಳಿ ನದಿಯಲ್ಲಿ ಹುಡುಕಾಟ, ಮಳೆಯಲ್ಲಿ ವಾರಗಟ್ಟಲೆ ಮೈಕ್ ಹಿಡಿದು ನಿಂತ ವರದಿಗಾರರು. ಅದನ್ನೆಲ್ಲ ನೋಡಿದವಳು ಅಂದಿನಿಂದ ಒಂದೇ ಮಾತು ಹಿಡಿದಿದ್ದಾಳೆ: “ಅತ್ತೆ, ನಾನೂ ನಿನ್ನಂಗೆ ಜರ್ನಲಿಸಮ್ ಮಾಡ್ತೆ.” ಅಣ್ಣ ನನ್ನ ಹತ್ತಿರ ಕೇಳಿದ್ದು ಬೇರೆ ಮಾತು: “ಫೀ ಎಷ್ಟಾಗ್ತದೆ?”

ಅಣ್ಣನಿಗೆ ನಾನು ಆ ಪುಟ ತೋರಿಸಿದೆ. ಫೀ ಆ ಪುಟದಲ್ಲಿ ಒಂದು ಸಾಲು ಮಾತ್ರ. ಮನೆಯವರಿಗೆ ನಿಜವಾಗಿ ಬೇಕಾದದ್ದು ಕೆಳಗಿನ ಎರಡು ಗೆರೆ. ಮನೆಯಿಂದ ದುಡ್ಡು ಹೋಗುವುದು ಯಾವ ತಿಂಗಳು ನಿಲ್ಲುತ್ತದೆ? ಅಲ್ಲಿಯವರೆಗೆ ಒಟ್ಟು ಎಷ್ಟು ಹೋಗಿರುತ್ತದೆ? ಇವೆರಡು ಅಂದಾಜು ಸಿಕ್ಕರೆ ಕಾಲೇಜು ಆರಿಸುವುದು ಸಲೀಸು. ಆ ಅಂದಾಜು ಮಾಡುವುದು ಹೇಗೆ ಎಂದು ಮನೆಯಲ್ಲಿ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಪುಟದಲ್ಲಿ ಏನಿತ್ತು

ನಾನು ಊರಲ್ಲೇ ಬಿಎ ಮುಗಿಸಿ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿ ಓದಿದೆ. ಫೀ ಎರಡು ವರ್ಷಕ್ಕೆ 28,000. ಹಾಸ್ಟೆಲ್ ಮತ್ತು ಮೆಸ್ 64,000. ಲ್ಯಾಪ್‌ಟಾಪ್ 32,000. ಊರಿಗೆ ಹೋಗಿಬರುವ ಪ್ಯಾಸೆಂಜರ್ ರೈಲು, ಪುಸ್ತಕ, ಜೆರಾಕ್ಸ್ ಎಲ್ಲ ಸೇರಿ 14,000. ಬೆಂಗಳೂರಿನಲ್ಲಿ ಎರಡು ತಿಂಗಳು ಸಂಬಳವಿಲ್ಲದ ಇಂಟರ್ನ್‌ಶಿಪ್, ಅದಕ್ಕೆ 19,000. ಇಲ್ಲಿಗೆ 1,57,000 ಆಯಿತು.

ಓದು ಮುಗಿದ ಕೂಡಲೇ ಕೆಲಸವೂ ಸಿಕ್ಕಿತು. 2013ರಲ್ಲಿ ಒಂದು ಪತ್ರಿಕೆಯ ಡೆಸ್ಕಿನಲ್ಲಿ ತರಬೇತಿ ಉಪಸಂಪಾದಕಿ, ತಿಂಗಳಿಗೆ 12,000. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಆದರೆ ಪುಟ ಅಲ್ಲಿಗೆ ಮುಗಿದಿರಲಿಲ್ಲ. ಪೇಯಿಂಗ್ ಗೆಸ್ಟ್ ಮನೆಗೆ 10,000 ಮುಂಗಡ. ಆಮೇಲೆ ಹದಿನೈದು ತಿಂಗಳು ಅಪ್ಪ ಒಮ್ಮೆ 2,000, ಒಮ್ಮೆ 4,000 ಕಳಿಸುತ್ತಲೇ ಇದ್ದರು. ಅದೇ 41,000. ಒಟ್ಟು 2,08,000. ಅದರಲ್ಲಿ ಫೀ ಏಳರಲ್ಲಿ ಒಂದು ಪಾಲೂ ಇಲ್ಲ ನೋಡಿ. ಮೊದಲ ಸಾಲಿನಿಂದ ಎರಡು ಗೆರೆಯವರೆಗೆ 40 ತಿಂಗಳು.

ಕಾಲೇಜಿನ ಕೈಪಿಡಿಯಲ್ಲಿ ಸಿಗುವುದು ಫೀ, ಹಾಸ್ಟೆಲ್ ಇವೆರಡೇ. ಇಂಟರ್ನ್‌ಶಿಪ್ ಖರ್ಚು ಮತ್ತು ಕೆಲಸದ ಮೊದಲ ವರ್ಷದ ಕೊರತೆಯನ್ನು ಯಾರೂ ಹೇಳುವುದಿಲ್ಲ. ನಮ್ಮ ಕಡೆಯ ಮಕ್ಕಳಿಗೆ ಇವೆರಡೂ ಜಾಸ್ತಿ ಬೀಳುತ್ತವೆ. ಬೆಂಗಳೂರಿನಲ್ಲೇ ಮನೆ ಇರುವವರು ಇಂಟರ್ನ್‌ಶಿಪ್ಪಿಗೆ ಮನೆಯಿಂದಲೇ ಹೋಗಿ ಬರುತ್ತಾರೆ. ಕಾರವಾರದವರು, ಭಟ್ಕಳದವರು ಬಾಡಿಗೆ ಕಟ್ಟಿಯೇ ಹೋಗಬೇಕು.

ಯಾವ ಕೆಲಸ ಬೇಕು ಎಂದು ಅವರ ಬಾಯಲ್ಲೇ ಹೇಳಿಸಿ

ಲೆಕ್ಕ ಹಾಕುವ ಮೊದಲು ಇದು ಆಗಬೇಕು. ‘ಮೀಡಿಯಾ’ ಅಂದರೆ ಸಾಲದು.

ವಕೀಲಿಕೆಗೆ ಕಾನೂನು ಪದವಿ ಬೇಕೇ ಬೇಕು. ಹೈಸ್ಕೂಲ್ ಮಾಸ್ತರಿಕೆಗೆ ಬಿಎಡ್ ಬೇಕು. ವರದಿಗಾರರಾಗಲು ಅಂಥ ಕಡ್ಡಾಯ ಪದವಿ ಯಾವುದೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಒಳ್ಳೊಳ್ಳೆ ವರದಿ ಬರೆಯುವ ಎಷ್ಟೋ ಮಂದಿ ತಾಲ್ಲೂಕಿನ ಬಿಡಿ ಸುದ್ದಿಗಾರರಾಗಿ ಶುರು ಮಾಡಿದವರು. ಅವರು ಓದಿದ್ದು ಬಿಕಾಂ, ಬಿಎಸ್ಸಿ, ಏನೇನೋ. ಹಾಗಾದರೆ ಪದವಿಗೆ ಬೆಲೆ ಎಲ್ಲಿ? ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಹುದ್ದೆಗಳ ಅಧಿಸೂಚನೆಯಲ್ಲಿ ಪತ್ರಿಕೋದ್ಯಮ ಪದವಿ ಕೇಳುವುದುಂಟು. ಕಾಲೇಜಿನಲ್ಲಿ ಪಾಠ ಮಾಡಬೇಕೆಂದರೆ ಸ್ನಾತಕೋತ್ತರ ಪದವಿ ಬೇಕು. ಅದರಲ್ಲಿ 55 ಪ್ರತಿಶತ ಅಂಕ ಬೇಕು, ಮೀಸಲಾತಿ ಇದ್ದವರಿಗೆ 50. ಮೇಲೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕಿ ಪಿಎಚ್‌ಡಿಗೆ ಸೇರಿದರೆ ತಿಂಗಳಿಗೆ 37,000 ಬರುತ್ತದೆ. ಪುಸ್ತಕದ ಹುಳುಗಳಿಗೆ ಇದು ಬಹಳ ಒಳ್ಳೆಯ ದಾರಿ. ಯಾಕೋ ನಮ್ಮ ಕಡೆ ಇದರ ಬಗ್ಗೆ ಮಾತೇ ಇಲ್ಲ.

ಆಸ್ಪತ್ರೆ, ಬ್ಯಾಂಕು, ಕಂಪನಿಗಳ ಸಂಪರ್ಕ ವಿಭಾಗ, ಜಾಹೀರಾತು ಸಂಸ್ಥೆ, ಸ್ವಯಂಸೇವಾ ಸಂಸ್ಥೆಗಳ ವರದಿ ಬರೆಯುವ ಕೆಲಸ ಇವಕ್ಕೆಲ್ಲ ಪದವಿಯೂ ಬೇಕು, ಕೈಯಲ್ಲಿ ತೋರಿಸಲು ಕೆಲಸವೂ ಬೇಕು. ದುಡ್ಡು ಸ್ವಲ್ಪ ಜಾಸ್ತಿ ಸಿಗುವುದು ಇಲ್ಲಿಯೇ. ನಾನು ಮೂರು ವರ್ಷ ಪತ್ರಿಕೆ ಮತ್ತು ಚಾನೆಲ್‌ನಲ್ಲಿದ್ದೆ. ಒಂದು ಕಡೆ ಎರಡು ತಿಂಗಳ ಸಂಬಳ ಬರಲೇ ಇಲ್ಲ. ಬಾಡಿಗೆ ಕಟ್ಟಲು ಗೆಳತಿಯ ಹತ್ತಿರ ಕೈಗಡ ತೆಗೆದುಕೊಂಡೆ. ಆ ನೋವು ಇನ್ನೂ ಇದೆ. 2016ರಲ್ಲಿ ಒಂದು ಆಸ್ಪತ್ರೆಯ ಸಂಪರ್ಕ ವಿಭಾಗ ಸೇರಿದಾಗ ಸಂಬಳ 27,000 ಆಯಿತು. ನನ್ನನ್ನು ಅವರು ತೆಗೆದುಕೊಂಡಿದ್ದಕ್ಕೆ ಕಾರಣ ಒಂದೇ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಹಳ್ಳಿಯ ಅಜ್ಜಿಗೂ ತಿಳಿಯುವ ಕನ್ನಡದಲ್ಲಿ ಬರೆಯಬಲ್ಲೆ. ಕರಾವಳಿಯಲ್ಲಿ ಹುಟ್ಟಿದ್ದಕ್ಕೆ ಕೊಂಕಣಿ, ಮರಾಠಿಯೂ ತಕ್ಕಮಟ್ಟಿಗೆ ಬರುತ್ತವೆ. ಅದೂ ನೆರವಾಯಿತು.

ಪದವಿಗೆ ಜಾಸ್ತಿ ಸುರಿಯಬೇಡಿ

ಇದು ನನ್ನ ಗಟ್ಟಿ ಅಭಿಪ್ರಾಯ. ಪಿಯುಸಿ ಮುಗಿದ ಕೂಡಲೇ ಲಕ್ಷಗಟ್ಟಲೆ ಕೊಟ್ಟು ಬೆಂಗಳೂರಿಗೆ ಕಳಿಸಬೇಡಿ. ಪದವಿಯನ್ನು ಊರಿನ ಹತ್ತಿರ ಓದಿಸಿ. ಉಳಿಸಿದ ದುಡ್ಡನ್ನು ಸ್ನಾತಕೋತ್ತರಕ್ಕೆ, ಇಂಟರ್ನ್‌ಶಿಪ್ಪಿಗೆ ಹಾಕಿ.

ನಾನೂ ಅಣ್ಣನೂ ಎರಡು ಪುಟ ಬರೆದೆವು. ಮೊದಲನೆಯದು ಬೆಂಗಳೂರಿನ ಒಂದು ಖಾಸಗಿ ಕಾಲೇಜು. ಫೋನಿನಲ್ಲಿ ಅವರು ಹೇಳಿದ ಫೀ ವರ್ಷಕ್ಕೆ 1,60,000. ಮೂರು ವರ್ಷಕ್ಕೆ 4,80,000. ಊಟ ಸೇರಿ ಪೇಯಿಂಗ್ ಗೆಸ್ಟ್ ತಿಂಗಳಿಗೆ 9,000. ವರ್ಷಕ್ಕೆ 11 ತಿಂಗಳಂತೆ ಮೂರು ವರ್ಷಕ್ಕೆ 2,97,000. ಓಡಾಟ 60,000, ಲ್ಯಾಪ್‌ಟಾಪ್ 55,000, ಕೆಲಸದ ಮೊದಲ ವರ್ಷದ ಕೊರತೆ 36,000. ಒಟ್ಟು 9,28,000.

ಎರಡನೆಯ ಪುಟದಲ್ಲಿ ಊರಿನ ಬಿಎ, ಆಮೇಲೆ ಸರ್ಕಾರಿ ವಿಶ್ವವಿದ್ಯಾಲಯ. ಬಿಎಗೆ ವರ್ಷಕ್ಕೆ 10,000 ಹಿಡಿದೆವು. ಮಧ್ಯಾಹ್ನದ ಊಟಕ್ಕೆ 8,000. ಮೂರು ವರ್ಷಕ್ಕೆ 54,000. ಬಸ್ಸಿಗೆ ಸೊನ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆಯಲ್ಲ, ಹೆಣ್ಣುಮಕ್ಕಳಿಗೆ ಸರ್ಕಾರಿ ಸಾದಾ ಬಸ್ಸು, ವೇಗದೂತ ಎರಡೂ ರಾಜ್ಯದೊಳಗೆ ಉಚಿತ. ಲ್ಯಾಪ್‌ಟಾಪ್ 45,000. ಸ್ನಾತಕೋತ್ತರದ ಎರಡು ವರ್ಷಕ್ಕೆ ಫೀ 60,000, ಹಾಸ್ಟೆಲ್ 80,000. ಮೂರು ತಿಂಗಳ ಇಂಟರ್ನ್‌ಶಿಪ್ 30,000. ಮೊದಲ ವರ್ಷದ ಕೊರತೆ ಅದೇ 36,000. ಒಟ್ಟು 3,05,000.

ಅಣ್ಣ ಸರಿಯಾದ ಪ್ರಶ್ನೆಯನ್ನೇ ಎತ್ತಿದ. ಬೆಂಗಳೂರಿಗೆ ಹೋದವಳು ಮೂರೇ ವರ್ಷಕ್ಕೆ ದುಡಿಯುತ್ತಾಳೆ, ಊರಲ್ಲಿ ಓದಿದವಳಿಗೆ ಐದು ವರ್ಷ ಬೇಕಲ್ಲ? ಹೌದು, ಅದನ್ನೂ ಬರೆಯಬೇಕು. ಮೊದಲ ವರ್ಷದ ಕೊರತೆ ಎರಡೂ ಪುಟದಲ್ಲಿದೆ, ಅದನ್ನು ಬದಿಗಿಟ್ಟು ತಿಂಗಳಿಗೆ 20,000 ಸಂಬಳ ಅಂದುಕೊಳ್ಳಿ. ಬೆಂಗಳೂರಿನ ಖರ್ಚು 15,000 ಕಳೆದರೆ 5,000 ಉಳಿಯುತ್ತದೆ. ಎರಡು ವರ್ಷಕ್ಕೆ 1,20,000. ಎರಡು ಪುಟಗಳ ನಡುವಿನ ಅಂತರ 6,23,000. ಅದರಲ್ಲಿ ಇದನ್ನು ಕಳೆದರೂ 5 ಲಕ್ಷದ ಮೇಲೆ ಅಂತರ ಉಳಿಯುತ್ತದೆ. ಜೊತೆಗೆ ಕೈಯಲ್ಲಿ ಒಂದು ಪದವಿ ಹೆಚ್ಚಿಗೆ ಇರುತ್ತದೆ. ಅಂಕಿಗಳು ನಮ್ಮ ಮನೆಯವು. ನಿಮ್ಮ ಪುಟಕ್ಕೆ ನಿಮ್ಮ ಅಂಕಿ ಹಾಕಿ. ಬೆಂಗಳೂರಿನಲ್ಲಿ ಚಿಕ್ಕಪ್ಪನೋ ಮಾವನೋ ಇದ್ದು, ಮಗುವನ್ನು ಮನಸಾರೆ ಇಟ್ಟುಕೊಳ್ಳುತ್ತಾರೆ ಅಂದರೆ ಸುಮಾರು 3 ಲಕ್ಷ ಹಾಗೇ ಇಳಿಯುತ್ತದೆ. ಆಗ ಮಾತೇ ಬೇರೆ.

ಬಿಎಯಲ್ಲಿ ಪತ್ರಿಕೋದ್ಯಮವೇ ಇರಬೇಕೆಂದಿಲ್ಲ. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇಂಗ್ಲಿಷ್ ಗಟ್ಟಿಯಾಗಿ ಓದಿದವರು ಮುಂದೆ ಒಳ್ಳೆಯ ವರದಿ ಬರೆಯುತ್ತಾರೆ. ಬಜೆಟ್ ಓದಲು ಬಾರದ ವರದಿಗಾರರಿಂದ ಊರಿಗೆ ಏನು ಪ್ರಯೋಜನ? 2024-25ರಿಂದ ನಮ್ಮ ರಾಜ್ಯದಲ್ಲಿ ಪದವಿ ಮತ್ತೆ 3 ವರ್ಷದ್ದಾಗಿದೆ.

ಸ್ನಾತಕೋತ್ತರಕ್ಕೆ ನಮಗೆ ಹತ್ತಿರದವು ಎರಡು. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟಿದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ರೈಲು ಹಿಡಿದು ದಕ್ಷಿಣಕ್ಕೆ ಹೋದರೆ ಕೊಣಾಜೆ. ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಹೆಚ್ಚಿನವು ಧಾರವಾಡದ ಕೆಳಗೆ ಬರುತ್ತವೆ. ಹಾಗಾಗಿ ಕೊಣಾಜೆಗೆ ಹೊರಗಿನವರಾಗಿ ಅರ್ಜಿ ಹಾಕಬೇಕು. ಹೊರ ವಿಶ್ವವಿದ್ಯಾಲಯದವರಿಗೆ ಎಷ್ಟು ಸೀಟು ಎಂದು ಮೊದಲೇ ವಿಚಾರಿಸಿ. ಉಜಿರೆ, ಮೂಡುಬಿದಿರೆ, ಮಣಿಪಾಲಗಳಲ್ಲೂ ವಿಭಾಗಗಳಿವೆ. ಫೀ ಒಂದೊಂದು ಕಡೆ ಒಂದೊಂದು ಥರ. ಈಗಾಗಲೇ ಸುದ್ದಿ ಬರೆಯುತ್ತಿದ್ದು, ಪದವಿ ಪತ್ರ ಮಾತ್ರ ಬೇಕು ಅನ್ನುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ, ಇಗ್ನೋ ಸಾಕು. ಹೊಸಬರಿಗೆ ಅದು ಬೇಡ. ಹೊಸಬರಿಗೆ ಬೇಕಾದದ್ದು ಜೊತೆಗಾರರು, ಸ್ಟುಡಿಯೋ, ತಪ್ಪು ತಿದ್ದುವ ಮೇಷ್ಟ್ರು.

ಮೂರು ಫೋನ್ ಕರೆ

ಕಾಲೇಜಿನವರು ಹೇಳುವ ಪ್ಲೇಸ್‌ಮೆಂಟ್ ಮಾತಿಗಿಂತ ಇದು ಮೇಲು. ಆ ವಿಭಾಗದಲ್ಲಿ ಓದಿ ಎರಡು ವರ್ಷ ಆದ ಮೂವರನ್ನು ಹುಡುಕಿ. ಹೋದ ತಿಂಗಳು ಪಾಸಾದವರು ಬೇಡ, ಹತ್ತು ವರ್ಷದ ಹಿಂದಿನವರೂ ಬೇಡ. ವಿಭಾಗದ ಮುಖ್ಯಸ್ಥರನ್ನೇ ನಂಬರ್ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರವೇ. ಫೋನಿನಲ್ಲಿ ಸುಮ್ನೆ “ಹೇಗಿದೆ ಕೋರ್ಸು?” ಅಂತ ಕೇಳಬೇಡಿ. “ಚೆನ್ನಾಗಿದೆ” ಅಂತಾರೆ ಅಷ್ಟೇ. ಮೊದಲ ಸಂಬಳ ಕೈಗೆ ಎಷ್ಟು ಬಂತು? ಮನೆಯಿಂದ ದುಡ್ಡು ತರಿಸುವುದು ಯಾವಾಗ ನಿಂತಿತು? ನಿಮ್ಮ ತರಗತಿಯಲ್ಲಿ ಎಷ್ಟು ಮಂದಿ ಇದ್ದರು, ಈಗ ಎಷ್ಟು ಮಂದಿ ಇದೇ ಕೆಲಸದಲ್ಲಿದ್ದಾರೆ? ಇಂಟರ್ನ್‌ಶಿಪ್ ಕೊಡಿಸಿದ್ದು ಕಾಲೇಜೋ, ನೀವೇ ಹುಡುಕಿಕೊಂಡಿರೋ? ಹೀಗೆ ಕೇಳಿ. ನಮ್ಮ ಕಡೆ ಸಂಬಳ ಕೇಳುವುದಕ್ಕೆ ಸಂಕೋಚ ಪಡುತ್ತೇವೆ. ಮಗುವಿನ ಭವಿಷ್ಯಕ್ಕಾಗಿ ಎಂದು ಹೇಳಿ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನಗೆ ಇಂಥ ಫೋನ್ ಬಂದಾಗಲೆಲ್ಲ ಕೂತು ಅರ್ಧ ಗಂಟೆ ಮಾತಾಡಿದ್ದೇನೆ.

ಈಗ ಊರಿಂದಲೇ ಒಂದು ಸಂಸ್ಥೆಗೆ ಕನ್ನಡ ಬರಹ, ವಿಡಿಯೋ ಸ್ಕ್ರಿಪ್ಟಿನ ಕೆಲಸ ನೋಡಿಕೊಳ್ಳುತ್ತೇನೆ. ಕಳೆದ ಎರಡು ವರ್ಷದಲ್ಲಿ ನನ್ನ ಜೊತೆ ನಾಲ್ವರು ಹೊಸಬರು ಸೇರಿದರು. 18,000ಕ್ಕೆ ಇಬ್ಬರು, 22,000ಕ್ಕೆ ಒಬ್ಬರು, 25,000ಕ್ಕೆ ಒಬ್ಬರು. 25,000 ಸಿಕ್ಕ ಹುಡುಗ ಓದಿದ್ದು ದೊಡ್ಡ ಹೆಸರಿನ ಕಾಲೇಜಲ್ಲಿ ಅಲ್ಲ. ಯೂನಿಕೋಡ್ ಮತ್ತು ನುಡಿ ಎರಡರಲ್ಲೂ ವೇಗವಾಗಿ ಟೈಪ್ ಮಾಡುತ್ತಾನೆ. ಪ್ರೀಮಿಯರ್‌ನಲ್ಲಿ ವಿಡಿಯೋ ಕತ್ತರಿಸುತ್ತಾನೆ. ಕಾಗುಣಿತ ತಪ್ಪುವುದಿಲ್ಲ. ಸಂದರ್ಶನಕ್ಕೆ ಬಂದಾಗ ತನ್ನ ಹೆಸರಲ್ಲಿ ಅಚ್ಚಾದ ಹನ್ನೊಂದು ವರದಿ ತಂದಿದ್ದ.

ಸಾಲ ಮಾಡುವುದಾದರೆ

ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಅಡಮಾನ ಕೇಳುವುದಿಲ್ಲ. ಅಪ್ಪ ಅಥವಾ ಅಮ್ಮ ಜೊತೆಗೆ ಸಹಿ ಹಾಕಬೇಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ. ಆದರೆ ಬಡ್ಡಿ ಸುಮ್ಮನೆ ಕೂತಿರುವುದಿಲ್ಲ. ಎರಡು ವರ್ಷದ ಕೋರ್ಸಿಗೆ ವರ್ಷಕ್ಕೆ 2 ಲಕ್ಷದಂತೆ 4 ಲಕ್ಷ ತೆಗೆದಿರಿ, ಬಡ್ಡಿ ಶೇ 10 ಅನ್ನಿ. ಕಂತು ಶುರುವಾಗುವ ಹೊತ್ತಿಗೆ ಬಡ್ಡಿಯೇ ಸುಮಾರು 1 ಲಕ್ಷ. 5 ಲಕ್ಷವನ್ನು 7 ವರ್ಷದಲ್ಲಿ ತೀರಿಸಲು ತಿಂಗಳಿಗೆ ಹತ್ತಿರ ಹತ್ತಿರ 8,300 ಬೇಕು. ಕಂತು ಶುರುವಾಗುವವರೆಗೂ ಮನೆಯವರು ಬಡ್ಡಿ ಕಟ್ಟುತ್ತಾ ಹೋದರೆ ಕಂತು 6,640ಕ್ಕೆ ಇಳಿಯುತ್ತದೆ. 20,000 ಸಂಬಳದಲ್ಲಿ 8,300 ತೆಗೆದರೆ ಬೆಂಗಳೂರಿನಲ್ಲಿ ಊಟ ಬಾಡಿಗೆ ಆಗುತ್ತದಾ ನೀವೇ ನೋಡಿ. ಮತ್ತೆ ಮನೆಯಿಂದಲೇ ದುಡ್ಡು ಹೋಗಬೇಕು, ಎರಡು ಗೆರೆ ಇನ್ನೂ ದೂರ ಹೋಗುತ್ತದೆ.

ನಾನು ಹಿಡಿಯುವ ಮಿತಿ ಇದು: ಕಂತು ಮೊದಲ ಸಂಬಳದ ಐದರಲ್ಲಿ ಒಂದು ಪಾಲು ದಾಟಬಾರದು. 20,000ಕ್ಕೆ 4,000. ಅದೇ ಬಡ್ಡಿ, ಅದೇ 7 ವರ್ಷಕ್ಕೆ ತಾಳೆ ಹಾಕಿದರೆ ಸಾಲ 2,40,000ದ ಒಳಗೆ ಇರಬೇಕು, ಸೇರಿಕೊಂಡ ಬಡ್ಡಿಯೂ ಅದರಲ್ಲೇ ಬರಬೇಕು. ಅದಕ್ಕಿಂತ ಜಾಸ್ತಿ ಬೇಕಾಗುವ ಕಾಲೇಜನ್ನು ನಾನು ಕೈಬಿಡುತ್ತೇನೆ, ಹೆಸರು ಎಷ್ಟೇ ದೊಡ್ಡದಿರಲಿ.

ಸಾಲಕ್ಕೆ ಮೊದಲು ವಿದ್ಯಾರ್ಥಿವೇತನ ನೋಡಿ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೇ ಅರ್ಜಿ. ಹಾಸ್ಟೆಲ್ ಸೀಟು ಸಿಗದ ಅರ್ಹ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ 10 ತಿಂಗಳು ನೆರವಿನ ಹಣ ಸಿಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಆಧಾರ್ ಮತ್ತು ಬ್ಯಾಂಕ್ ಖಾತೆ ಜೋಡಣೆ ಸರಿ ಇರಲಿ.

ದುಡ್ಡು ಕಟ್ಟುವ ಮೊದಲು ಕೈ ನೋಡಿ

ಅಣ್ಣನ ಮಗಳಿಗೆ ನಾನು ಬೇಸಿಗೆಯಲ್ಲೇ ಒಂದು ಕೆಲಸ ಹಚ್ಚಿದೆ. ವಾರಕ್ಕೊಂದು ವರದಿ. ಬೆಳಿಗ್ಗೆ ಏಳಕ್ಕೆ ಅಂಕೋಲೆ ಮೀನು ಮಾರ್ಕೆಟ್ಟಿಗೆ ಹೋಗಬೇಕು, ಮೀನು ಮಾರುವ ಹತ್ತು ಹೆಂಗಸರ ಹತ್ತಿರ ಮಾತಾಡಬೇಕು, ಮಧ್ಯಾಹ್ನ ಹನ್ನೆರಡರೊಳಗೆ 300 ಶಬ್ದ ಬರೆದು ನನಗೆ ಕಳಿಸಬೇಕು. ಮೊದಲ ವಾರ ಮೂವರ ಹತ್ತಿರ ಮಾತ್ರ ಮಾತಾಡಿ ಬಂದಳು. ನಾಚಿಕೆ. ಬರೆದದ್ದೂ ಬಂಗಡೆ ಬಗ್ಗೆ ಪ್ರಬಂಧದ ಹಾಗಿತ್ತು. ಎರಡನೆಯ ವಾರ ಬಂಡಿಹಬ್ಬದ ಪೇಟೆಯ ಮೇಲೆ ಬರೆದಳು. ಮೂರನೆಯ ವಾರ ಕರಿ ಇಶಾಡು ಮಾವು. ಬುಟ್ಟಿಗೆ ಎಷ್ಟು, ಬೆಳೆದವರಿಗೆ ಎಷ್ಟು ಸಿಗುತ್ತದೆ, ಈ ಸಲ ಹೂವು ಯಾಕೆ ಉದುರಿತು ಎಂದು ತೋಟದವರನ್ನೇ ಕೇಳಿ ಬಂದಿದ್ದಳು. ಓದಿ ನನಗೆ ಖುಷಿಯಾಯಿತು. ಇಷ್ಟು ಎರಡು ತಿಂಗಳು ಮಾಡಿಸಿ ನೋಡಿ. ಮಾತಾಡಿಸುವುದು, ಹೊತ್ತಿಗೆ ಸರಿಯಾಗಿ ಬರೆಯುವುದು, ತಿದ್ದಿದ್ದನ್ನು ಮುಖ ಸಣ್ಣ ಮಾಡದೆ ಒಪ್ಪಿಕೊಳ್ಳುವುದು ಇವು ಹಿಡಿಸಿದರೆ ಮುಂದೆ ಹೋಗಲಿ. ಕ್ಯಾಮೆರಾ ಮುಂದೆ ನಿಲ್ಲುವುದು ಮಾತ್ರ ಹಿಡಿಸಿದರೆ ಇನ್ನೊಂದು ವರ್ಷ ಯೋಚಿಸಿ. ಖರ್ಚು ಬಸ್ಸಿನದಷ್ಟೇ, ಹೆಣ್ಣುಮಕ್ಕಳಿಗೆ ಅದೂ ಇಲ್ಲ.

ಜಿಲ್ಲೆಯಲ್ಲೇ ಬರೆಯಲು ಜಾಗಗಳಿವೆ. ಕಾರವಾರದಿಂದ ‘ಕರಾವಳಿ ಮುಂಜಾವು’, ಶಿರಸಿಯಿಂದ ‘ಲೋಕಧ್ವನಿ’ ಬರುತ್ತವೆ. ಕಾರವಾರದಲ್ಲಿ ಆಕಾಶವಾಣಿ ಇದೆ. ಪದವಿಯ ಮೂರು ವರ್ಷದಲ್ಲಿ ಅಚ್ಚಾದ ಹತ್ತು ತುಣುಕು ಕೂಡಿಟ್ಟರೆ ಸ್ನಾತಕೋತ್ತರದ ಸೀಟಿಗೂ ಬಲ, ಮೊದಲ ಸಂಬಳಕ್ಕೂ ಬಲ.

ಅಣ್ಣ ಒಪ್ಪಿದ. ಅವಳು ಊರಿನ ಕಾಲೇಜಲ್ಲೇ ಬಿಎಗೆ ಸೇರಿದ್ದಾಳೆ, ಅರ್ಥಶಾಸ್ತ್ರ ತೆಗೆದುಕೊಂಡಿದ್ದಾಳೆ. ಧಾರವಾಡವೋ ಕೊಣಾಜೆಯೋ ಎಂಬ ಮಾತು ಮೂರು ವರ್ಷ ಮುಂದಕ್ಕೆ ಹೋಯಿತು. ಅಪ್ಪನ ಪುಸ್ತಕದಲ್ಲಿ ಖಾಲಿ ಉಳಿದಿದ್ದ ಪುಟವೊಂದಕ್ಕೆ ಅವಳ ಹೆಸರು ಬರೆದಿದ್ದೇವೆ. ಫೀ ಸಾಲಿನ ಕೆಳಗೆ ‘ನೋಟ್‌ಬುಕ್, ಪೆನ್ನು, 65’ ಎಂದು ಅವಳೇ ಬರೆದಳು. ಜುಲೈ 31ಕ್ಕೆ ಮೀನುಗಾರಿಕೆಯ ನಿಷೇಧ ಮುಗಿಯುತ್ತದೆ. ಮರುದಿನ ಬೋಟುಗಳು ಸಮುದ್ರಕ್ಕೆ ಇಳಿಯುವುದನ್ನು ಬರೆಯಬೇಕಂತೆ. ಬೆಳಿಗ್ಗೆ ಐದಕ್ಕೆ ಬೇಲೇಕೇರಿಗೆ ಬಿಡಬೇಕು ಎಂದು ಅಣ್ಣನಿಗೆ ಈಗಲೇ ಹೇಳಿಟ್ಟಿದ್ದಾಳೆ.